ಅವ್ವನ ಹಿಡಿಯಕ್ಕಿ

ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಬದುಕಿದ್ದವರ ಪೈಕಿ ನಾನೊಬ್ಬಳೇ ಉಳಿದಿದ್ದೇನೆ. ಈ ಬೇಸಿಗೆಯಲ್ಲಿ ಅವಳನ್ನು ಮಣ್ಣು ಮಾಡಿ ಬಂದಾಗಿನಿಂದ ಒಂದು ಕಷ್ಟ ಶುರುವಾಗಿದೆ. ಅಡುಗೆಯ ಗೂಡು ಒಲೆಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಅನುಮಾನ ಬಂದರೆ ಕೇಳಲು ಯಾರೂ ಇಲ್ಲ. ಇಷ್ಟು ವರ್ಷ ನಾವಿಬ್ಬರೂ ಫೋನಿನಲ್ಲಿ ಜಗಳವಾಡಿಕೊಂಡೇ ಆ ಮನೆಯನ್ನು ನಿಲ್ಲಿಸಿಕೊಂಡಿದ್ದೆವು. ಅವಳು ಎಡ ಅಂದರೆ ನಾನು ಬಲ ಅನ್ನುತ್ತಿದ್ದೆ. ಈಗ ನಾನು ಹೇಳಿದ್ದೇ ಆಗುತ್ತದೆ. ಅದರಲ್ಲಿ ಏನೂ ಸುಖವಿಲ್ಲ. ನೆನಪಿದ್ದಷ್ಟನ್ನು ಬರೆದಿಡುತ್ತೇನೆ.

ಬಳ್ಳಾರಿ ಕೋಟೆಗುಡ್ಡದ ಬುಡದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಹಿಂದಿನ ಗೋಡೆ ಅಂತ ಕಟ್ಟಿರಲಿಲ್ಲ, ಗುಡ್ಡದ ಬಂಡೆಯೇ ಗೋಡೆ. ಬೇಸಿಗೆಯಲ್ಲಿ ಹೊತ್ತು ಮುಳುಗಿದರೂ ಬಂಡೆ ಕಾವು ಬಿಡುತ್ತಲೇ ಇರುತ್ತಿತ್ತು. ಅವ್ವ ಅದಕ್ಕೊಂದು ಚೆಂಬು ನೀರು ಎರಚಿ, ಗೋಣಿಚೀಲ ತೂಗುಹಾಕಿ, ಅದರ ಮುಂದೆ ನಮ್ಮ ಹಾಸಿಗೆ ಹಾಸುತ್ತಿದ್ದಳು. ಅಪ್ಪ ಜೀನ್ಸ್ ಪ್ಯಾಂಟು ತೊಳೆಯುವ ಘಟಕದಲ್ಲಿ ಕೆಲಸಕ್ಕಿದ್ದ. ಮೊಣಕೈವರೆಗೆ ಅವನ ಕೈ ನೀಲಿ. ಹಬ್ಬಕ್ಕೆ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ನೀಲಿ ಹೋಗುತ್ತಿರಲಿಲ್ಲ. ಅವ್ವ ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಿದ್ದಳು. ಕಟ್ಟು ಕಟ್ಟು ಪ್ಯಾಂಟು ಬಂದು ಬೀಳುತ್ತಿದ್ದವು. ಊಟದ ತಟ್ಟೆಯಲ್ಲೂ ಒಂದೊಂದು ಎಳೆ ಕಾಣಿಸಿಕೊಳ್ಳುತ್ತಿತ್ತು. ಸ್ನಾನದ ಮೂಲೆಗೆ ಕಟ್ಟಿದ ಪರದೆ ಕೂಡ ಕೆಟ್ಟುಹೋದ ಪ್ಯಾಂಟುಗಳನ್ನು ಬಿಚ್ಚಿ ಹೊಲಿದದ್ದು. ಅಪ್ಪ ಅವ್ವ ಇಬ್ಬರೂ ಸಿರುಗುಪ್ಪದ ಕಡೆಯ ಕರೂರಿನವರು, ಮದುವೆಯಾಗುವ ತನಕ ಅಲ್ಲಿ ಗದ್ದೆ ಕೂಲಿ ಮಾಡಿದವರು. ನಮ್ಮ ಮನೆಯಲ್ಲಿ ಪ್ರಾರ್ಥನೆ ತೆಲುಗಿನಲ್ಲಿ, ಬೈಗಳು ಕನ್ನಡದಲ್ಲಿ. ದೇವರಿಗೆ ಕನ್ನಡ ಬರುವುದಿಲ್ಲವೆಂದು ನಾನು ಬಹಳ ದಿನ ನಂಬಿದ್ದೆ.

ನಾವು ಲೂಥರನ್ ಚರ್ಚಿನವರು. ಸಣ್ಣ ಸಭೆ. ಪಾಸ್ಟರರನ್ನು ಎಲ್ಲರೂ ಅಯ್ಯಗಾರು ಎಂದೇ, ಅವರ ಹೆಂಡತಿಯನ್ನು ಅಮ್ಮಗಾರು ಎಂದೇ ಕರೆಯುತ್ತಿದ್ದರು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಮೂರಕ್ಕೂ ಅವರೊಬ್ಬರೇ. ನಮ್ಮ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಅನ್ನಕ್ಕೆ ಇಡುವಾಗ, ಅಕ್ಕಿ ತೊಳೆಯುವ ಮೊದಲು, ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಬೇಕು. ಮುದುಕಿಯರು ಅದನ್ನು ತೆಲುಗಿನಲ್ಲಿ ಪಿಡಿಕೆಡು ಬಿಯ್ಯಂ ಅನ್ನುತ್ತಿದ್ದರು, ನಾವು ಹಿಡಿಯಕ್ಕಿ ಅನ್ನುತ್ತಿದ್ದೆವು. ಡಬ್ಬಿಯನ್ನು ಸ್ತ್ರೀ ಸಮಾಜದವರೇ ಮನೆಗೊಂದರಂತೆ ಕೊಟ್ಟಿದ್ದರು. ಭಾನುವಾರ ಎಲ್ಲರ ಡಬ್ಬಿಯ ಅಕ್ಕಿಯೂ ಒಂದೇ ಚೀಲಕ್ಕೆ ಬೀಳುತ್ತಿತ್ತು, ಆ ಚೀಲ ಕಷ್ಟದಲ್ಲಿರುವ ಒಂದು ಮನೆಗೆ ಹೋಗುತ್ತಿತ್ತು. ಸೊಸೈಟಿ ಅಕ್ಕಿ, ಕುಸುಬಲಕ್ಕಿ, ಸೋನಾ ಮಸೂರಿ ಎಲ್ಲ ಬೆರೆತ ಅಕ್ಕಿ ಅದು. ಒಂದೇ ಹದಕ್ಕೆ ಬೇಯುವುದಿಲ್ಲ. ಕೆಲವು ಕಾಳು ಗಂಜಿಯಾಗುವ ಹೊತ್ತಿಗೆ ಕೆಲವು ಇನ್ನೂ ಹಲ್ಲಿಗೆ ಸಿಗುತ್ತಿರುತ್ತವೆ. ಚೀಲ ಮುಟ್ಟಿಸುವವರಲ್ಲಿ ಅವ್ವನೂ ಒಬ್ಬಳು. ಒಮ್ಮೆ ನನ್ನನ್ನೂ ಕುರುಗೋಡಿನ ಒಬ್ಬ ಮುದುಕಿಯ ಮನೆಗೆ ಕರೆದುಕೊಂಡು ಹೋಗಿದ್ದಳು. ಚೀಲವನ್ನು ಹೊಸ್ತಿಲಲ್ಲಿ ಇಳಿಸದೆ ಒಳಗೆ ಒಯ್ದಳು. ಹೊರಡುವ ಮುಂಚೆ, ಬಾಯಾರಿರದಿದ್ದರೂ, ನೀರು ಕೇಳಿ ಕುಡಿದಳು. ಬಸ್ಸಿನಲ್ಲಿ ಯಾಕೆ ಎಂದು ಕೇಳಿದೆ.

"ಅವರ ಮನ್ಯಾಗಿನ ನೀರು ಕುಡದ್ರ ಅವರೂ ನಮಗೊಂದು ಕೊಟ್ಟಂಗ ಆಗತೈತಿ, ಸಣ್ಣಾಕಿ. ಬರೇ ತಗೊಂಡು ಕುಂದ್ರೋದು ಭಾಳ ಕಷ್ಟ."

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅವ್ವನ ಮುಖ ಬೆಳಗಿನ ಹೊತ್ತು ಊದಿಕೊಳ್ಳತೊಡಗಿತು. ಆಮೇಲೆ ಕಾಲು, ಆಮೇಲೆ ಕೈ. ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಕೆಲಸ ಬಿಡುತ್ತಿವೆ ಎಂದರು. ದೊಡ್ಡ ಊರಿಗೆ ಒಯ್ಯಿರಿ ಎಂದೂ ಹೇಳಿದರು, ಒಯ್ದರೆ ಏನಾಗುತ್ತದೆ ಎಂದು ಅಪ್ಪ ಕೇಳಿದ್ದಕ್ಕೆ ಮುಂದಿನವರನ್ನು ಕರೆದರು. ಅಪ್ಪ ಕೆಲಸ ತಪ್ಪಿಸುವಂತಿರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಅವಳ ಜೊತೆ ನಿಂತವರು ಅಯ್ಯಗಾರು. ಆಟೋದಿಂದ ಅವಳನ್ನು ಎತ್ತಿ ಇಳಿಸುತ್ತಿದ್ದವರೂ ಅವರೇ. ಉದ್ದನೆಯ, ಸ್ವಲ್ಪ ಬಾಗಿದ ಮನುಷ್ಯ, ಮಾತು ಕಡಿಮೆ. ಮನೆಗೆ ಬಂದರೆ ಮೊದಲು ಬೈಬಲ್ಲು ತೆಗೆಯುತ್ತಿರಲಿಲ್ಲ, ಕೊಡ ತೆಗೆಯುತ್ತಿದ್ದರು. ನಮ್ಮ ಓಣಿಗೆ ನಲ್ಲಿ ನೀರು ಬರುತ್ತಿದ್ದುದೇ ಅಪರೂಪ.

"ಪ್ರಾರ್ಥನಿ ಆಮ್ಯಾಲ ಮಾಡೋಣಮ್ಮ. ದೇವರು ಎಲ್ಲೂ ಹೋಗಂಗಿಲ್ಲ, ನೀರು ಹೋಗತೈತಿ," ಅನ್ನುತ್ತಿದ್ದರು.

ಒಂದು ದಿನ ಅವ್ವ ನೇರವಾಗಿ ಕೇಳಿದಳು. ಅಕ್ಕ ಒಲೆ ಊದುತ್ತಿದ್ದಳು, ನಾನು ಬಾಗಿಲಲ್ಲಿ ಕೂತಿದ್ದೆ.

"ಅಯ್ಯಗಾರೇ, ನಾನು ಎದ್ದು ಓಡ್ಯಾಡ್ತೀನೇನ್ರೀ?"

"ನನಗ ಗೊತ್ತಿಲ್ಲಮ್ಮ."

"ಎದ್ದೇಳ್ತೀ ಅಂತ ಒಂದು ಮಾತು ಹೇಳ್ರಲ್ಲ. ಸುಳ್ಳಾದ್ರೂ ನಡೀತೈತಿ."

"ಸುಳ್ಳು ಹೇಳಿದ್ರ ನಾಳಿ ಯಾವ ಮುಖ ಇಟ್ಕೊಂಡು ಬರ್ಲಿ? ದಿನಾ ಬರ್ತೀನಿ. ಅದೊಂದು ಹೇಳಬಲ್ಲೆ."

ಸ್ತ್ರೀ ಸಮಾಜದ ಹೆಂಗಸರು ಸರದಿ ಹಾಕಿಕೊಂಡರು. ದಿನಕ್ಕೊಬ್ಬರು ಊಟ ತರುವುದು, ಅವ್ವನಿಗೆ ಮೈ ಒರೆಸಿ ಸೀರೆ ಬದಲಿಸುವುದು, ಪಾತ್ರೆ ತೊಳೆಯುವುದು. ಅವರು ಬರದಿದ್ದರೆ ನಾವು ಉಪವಾಸ ಬೀಳುತ್ತಿದ್ದೆವು, ಇದನ್ನು ಮೊದಲೇ ಹೇಳಿಬಿಡಬೇಕು. ಅವರ ಮುಂದಾಳು ಲೀಲಮ್ಮ ಟೀಚರ್, ದಪ್ಪ ಕನ್ನಡಕದ, ಗಟ್ಟಿ ದನಿಯ ಹೆಂಗಸು. ಎರಡು ಕೈಯಲ್ಲಿ ಎರಡು ಕೆಲಸ ಮಾಡುವವಳು. ಬಂದ ಮೊದಲ ವಾರವೇ ನಮ್ಮ ಅಡುಗೆಯ ಮೂಲೆಯನ್ನು ತೊಳೆದು, ಡಬ್ಬಿಗಳನ್ನೆಲ್ಲ ಎತ್ತರಕ್ಕೆ ತಕ್ಕಂತೆ ಸಾಲಾಗಿ ಜೋಡಿಸಿದಳು. ಕಾರದಪುಡಿ ಇದ್ದಲ್ಲಿ ಸಕ್ಕರೆ ಬಂತು. ಮಲಗಿದಲ್ಲಿಂದಲೇ "ಎಡಗಡಿ ಮೂಲ್ಯಾಗ ಕೈ ಹಾಕು, ಸಿಗತೈತಿ" ಎಂದು ಅಡುಗೆ ಮಾಡಿಸುತ್ತಿದ್ದ ಅವ್ವನಿಗೆ ಈಗ ಯಾವುದು ಎಲ್ಲಿದೆಯೆಂದು ತಿಳಿಯದಾಯಿತು. ಕ್ರಮೇಣ ಹೇಳುವುದನ್ನೇ ಬಿಟ್ಟಳು. ಹೆಂಗಸರು ಹೊರಡುವಾಗ ಅವ್ವ ಪ್ರತಿಯೊಬ್ಬರಿಗೂ ನೀರು ಕುಡಿದು ಹೋಗಿ ಎನ್ನುತ್ತಿದ್ದಳು. ಪ್ರತಿಯೊಬ್ಬರೂ "ಬ್ಯಾಡವ್ವ, ನಿಮಗ್ಯಾಕ ತೊಂದ್ರಿ" ಎಂದು ಹೋಗಿಬಿಡುತ್ತಿದ್ದರು. ಅಕ್ಕ ಸಲೋಮಿಗೆ ಆಗ ಹದಿನಾಲ್ಕು, ಹದಿನೈದು ಇರಬಹುದು. ಅವಳ ನಾಲಿಗೆಗೆ ಅಪ್ಪನೂ ಹೆದರುತ್ತಿದ್ದ.

"ಈ ಲೀಲಮ್ಮ ಟೀಚರ್ ಸ್ವರ್ಗಕ್ಕ ಹೋದ್ರ ಅಲ್ಲೀನೂ ದೇವದೂತರನ್ನ ಗಿಡ್ಡಾದವರು ಮುಂದ, ಉದ್ದಾದವರು ಹಿಂದ ಅಂತ ನಿಂದ್ರಸ್ತಾಳ," ಅಂದಳು ಒಮ್ಮೆ.

ಅವ್ವ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. "ಬಾಯಿ ಮುಚ್ಚಲೇ. ಅವರ ಅನ್ನ ತಿಂದು ಅವರನ್ನ ಆಡಿಕೋಬ್ಯಾಡ," ಎಂದಳು.

ಹಿಡಿಯಕ್ಕಿಯನ್ನು ಮಾತ್ರ ಅವಳು ಬಿಟ್ಟಿರಲಿಲ್ಲ. ಚೀಲದ ಅಕ್ಕಿ ಈಗ ಆಗಾಗ ನಮ್ಮ ಮನೆಗೇ ಬರುತ್ತಿತ್ತು. ಅನ್ನಕ್ಕಿಡುವ ಮುಂಚೆ ಅಕ್ಕ ಪಾತ್ರೆಯನ್ನು ಅವಳ ಹತ್ತಿರ ಒಯ್ಯಬೇಕು, ಅವಳು ಕಣ್ಣು ಮುಚ್ಚಿ ಒಂದು ಹಿಡಿ ತೆಗೆದು ಕೊಡಬೇಕು, ಅದು ಡಬ್ಬಿಗೆ ಬೀಳಬೇಕು. ಒಂದು ಭಾನುವಾರ ಬೆಳಿಗ್ಗೆ ಡಬ್ಬಿ ಇರಲಿಲ್ಲ. ಅವ್ವ ಗೋಡೆ ಹಿಡಿದು, ಕಾಲೆಳೆದುಕೊಂಡು ಅಡುಗೆಯ ಮೂಲೆಗೆ ಬಂದು ತಾನೇ ಹುಡುಕಿದಳು. ಆ ಹೊತ್ತಿಗೆ ಲೀಲಮ್ಮ ಟೀಚರ್ ಬಂದಳು.

"ಟೀಚರಮ್ಮ, ನನ್ನ ಡಬ್ಬಿ?"

"ಅದಾ? ಹೊಸದಾಗಿ ಮದಿವ್ಯಾಗಿ ಬಂದಾಳಲ್ಲ, ಆ ಹುಡುಗಿಗೆ ಕೊಟ್ಟೆ ಕರುಣಮ್ಮ. ಅದರಾಗಿನ ಅಕ್ಕಿ ನೀವು ಉಣ್ಣೋ ಅಕ್ಕಿ ಡಬ್ಬಿಗೇ ಸುರವೀನಿ, ಚಿಂತಿ ಮಾಡಬ್ಯಾಡ. ಇಷ್ಟು ವರ್ಷ ಕೊಟ್ಟಿ. ಈಗ ತಗೊಳ್ಳೋ ಸರದಿ ನಿಂದು."

"ನನ್ನ ಕೇಳಬೇಕಿತ್ತಲ್ರೀ."

"ಜಡ್ಡಿನ ಮನಿಯಿಂದ ಹಿಡಿಯಕ್ಕಿ ತಗೊಂಡ್ರ ನಮ್ಮನ್ನ ದೇವರು ಮೆಚ್ಚತಾನೇನು? ಏಳು, ಮಕ್ಕೊ ನಡಿ."

ಅಕ್ಕ ನಡುವೆ ಬಂದಳು. "ನಮ್ಮ ಮನಿ ಡಬ್ಬಿ ಮುಟ್ಟಾಕ ನೀವ್ಯಾರ್ರೀ? ನಾವಿನ್ನೂ ಸತ್ತಿಲ್ಲ," ಎಂದಳು. ಲೀಲಮ್ಮ ಟೀಚರ್‌ಗೆ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಅವಳಿಗೆ ತಾನೇನು ಮಾಡಿದೆ ಎಂಬುದೇ ತಿಳಿಯಲಿಲ್ಲ. ತಂದ ಸಾರಿನ ಪಾತ್ರೆ ಇಟ್ಟು, ಅವ್ವನ ಕಾಲು ತಿಕ್ಕಿ, ಮೂಗೊರೆಸಿಕೊಳ್ಳುತ್ತಾ ಹೋದಳು. ಅವ್ವ ಆ ದಿನ ಸಾರು ಮುಟ್ಟಲಿಲ್ಲ. ಸಂಜೆ ಪ್ರಾರ್ಥನೆಗೆ ಅಪ್ಪ ಕೂತಾಗ ಮೊದಲ ಸಲ ಅವ್ವ ಆಮೆನ್ ಅನ್ನಲಿಲ್ಲ. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ.

ಸುದ್ದಿ ಅಯ್ಯಗಾರಿಗೆ ಮುಟ್ಟಿತು. ಮರುದಿನ ಅವರು ತಮ್ಮ ಮನೆಯ ಡಬ್ಬಿಯನ್ನೇ ಹಿಡಿದುಕೊಂಡು ಬಂದರು.

"ಅಮ್ಮಗಾರು ಕೊಟ್ಟು ಕಳಿಸ್ಯಾರ. ನಿಮ್ಮ ಹಿಡಿಯಕ್ಕಿ ಬಂದಿಲ್ಲಮ್ಮ, ಅದಕ್ಕ ಬಂದೆ," ಎಂದರು.

ಅಕ್ಕ ಅವ್ವನನ್ನು ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಅಕ್ಕಿಯ ಪಾತ್ರೆಯನ್ನು ಮುಂದಿಟ್ಟಳು. ಅವ್ವ ಕೈ ಹಾಕಿದಳು. ಬೆರಳುಗಳು ಬಾಳೆಹಣ್ಣಿನಂತೆ ಊದಿದ್ದವು, ಮಡಚಲಿಲ್ಲ. ಎತ್ತಿದ ಅಕ್ಕಿ ಸಂದಿಗಳಿಂದ ಜಾರಿ ಪಾತ್ರೆಗೇ ಬಿತ್ತು. ಮತ್ತೆ ಎತ್ತಿದಳು. ಅಯ್ಯಗಾರು ತಮ್ಮ ಅಂಗೈಯನ್ನು ಅವಳ ಕೈಯ ಕೆಳಗೆ ಹಿಡಿದರು. ಅವರ ಕೈಯಲ್ಲಿ ಒಂದಿಷ್ಟು ನಿಂತಿತು. ಅವ್ವ ಅದನ್ನು ನೋಡಿದಳು.

"ಇದು ನಿಮ್ಮ ಅಕ್ಕೀನೇ ಅಯ್ಯಗಾರೇ. ನೀವು ಕೊಟ್ಟಿದ್ದು. ನಿಮ್ಮದನ್ನ ನಿಮಗ ತಿರುಗಿ ಕೊಟ್ರ ಅದು ಕೊಟ್ಟಂಗ ಆಗತೈತೇನು?"

"ನಾವೆಲ್ಲಾರೂ ಹಂಗ ಕೊಡೋದಮ್ಮ. ದೇವರು ಕೊಟ್ಟಿದ್ದನ್ನ ಬಿಟ್ಟು ನಮ್ಮ ಹತ್ರ ಮತ್ತೇನೈತಿ?"

"ಅದು ದೇವರ ಮುಂದ ಖರೇ ಐತಿ," ಅಂದಳು ಅವ್ವ. "ಲೀಲಮ್ಮ ಟೀಚರ್ ಮುಂದ ಖರೇ ಅಲ್ಲ."

ಅಯ್ಯಗಾರು ಕೈಯಲ್ಲಿದ್ದ ಅಕ್ಕಿಯನ್ನು ಡಬ್ಬಿಗೆ ಹಾಕಿಕೊಳ್ಳಬೇಕೋ ಪಾತ್ರೆಗೆ ಹಾಕಬೇಕೋ ತಿಳಿಯದೆ ಬಹಳ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದರು.

ಅವರು ಹೋದ ಮೇಲೆ ಅವ್ವ ಅಪ್ಪನಿಗೆ ಪ್ಯಾಂಟಿನ ಕಟ್ಟು ತರಲು ಹೇಳಿದಳು. ತಾನು ದುಡಿದ ಅಕ್ಕಿಯನ್ನೇ ಒಮ್ಮೆ ಕೊಡಬೇಕು, ಆಮೇಲೆ ಏನಾದರೂ ಆಗಲಿ ಎಂಬುದು ಅವಳ ಹಟ. ಅಪ್ಪ ಬೈದ, ಗೋಡೆಗೆ ತಲೆ ಚಚ್ಚಿಕೊಂಡ, ಕಡೆಗೆ ಸೈಕಲ್ಲಿನ ಮೇಲೆ ಒಂದು ಕಟ್ಟು ಹೇರಿಕೊಂಡು ಬಂದ. ದಾರ ಕತ್ತರಿಸುವ ಸಣ್ಣ ಕತ್ತರಿ ಅವಳ ಕೈಯಲ್ಲಿ ನಿಲ್ಲಲಿಲ್ಲ. ಹಾಗಾಗಿ ನಾನೂ ಅಕ್ಕನೂ ಕತ್ತರಿಸುವುದು, ಅವಳು ಉಳಿದ ಎಳೆಗಳನ್ನು ಉಗುರಿನಿಂದ ಹಿಡಿದು ಎಳೆಯುವುದು ಎಂದಾಯಿತು. ಪ್ರತಿ ಪ್ಯಾಂಟೂ ಅವಳ ತೊಡೆಯ ಮೇಲಿಂದ ದಾಟಿಯೇ ಹೋಗಬೇಕು. ಸಾಲೆ ಬಿಟ್ಟು ಬಂದ ಮೇಲೆ ದೀಪ ಹಚ್ಚುವವರೆಗೂ ಅದೇ ಕೆಲಸ. ಒಂದೊಂದು ಸಲ ಅವಳು ಎಳೆ ಹಿಡಿದಂತೆಯೇ ತೂಕಡಿಸಿಬಿಡುತ್ತಿದ್ದಳು. ನಾವು ಆ ಪ್ಯಾಂಟನ್ನು ಮೆಲ್ಲಗೆ ಎಳೆದುಕೊಂಡರೆ ಎಚ್ಚರಾಗಿ "ಅದನ್ನ ನಾ ನೋಡಿಲ್ಲ, ತಾ ಇಲ್ಲಿ" ಅನ್ನುತ್ತಿದ್ದಳು. ಆ ದಿನಗಳಲ್ಲಿ ಅವಳ ದನಿ ಗಟ್ಟಿಯಾಗಿತ್ತು. ಅಕ್ಕನ ಕೂದಲಿಗೆ ಎಣ್ಣೆ ಹಚ್ಚಿಲ್ಲವೆಂದು ಬೈದಳು, ಸಕ್ಕರೆ ಡಬ್ಬಿಯನ್ನು ಅದರ ಜಾಗಕ್ಕೆ ಇಡಿಸಿದಳು. ಅವಳು ಎದ್ದು ಓಡಾಡುತ್ತಾಳೆ ಎಂದು ನಾನು ನಂಬಿಬಿಟ್ಟೆ.

ಕೂಲಿ ಕೈಗೆ ಬಂದಾಗ ಅಕ್ಕಿ ತರಲು ಅಪ್ಪನನ್ನು ಕರೂರಿಗೇ ಕಳಿಸಿದಳು.

"ಬಳ್ಳಾರ್ಯಾಗ ಅಕ್ಕಿ ಸಿಗಂಗಿಲ್ಲೇನು?" ಅಂದ ಅಪ್ಪ.

"ಆ ಗದ್ದ್ಯಾಗ ನಾ ಸಸಿ ನಟ್ಟೀನಿ. ಅದು ನನ್ನ ಕಣ್ಣಿಗೆ ಗೊತ್ತಿರೋ ಅಕ್ಕಿ. ಹೋಗಿ ಬಾ."

ಅಪ್ಪ ಸಿರುಗುಪ್ಪದ ಬಸ್ಸು ಹಿಡಿದು ಹೋಗಿ ಹೊಸ ಸೋನಾ ಮಸೂರಿ ತಂದ. ಸಣ್ಣ ಕಾಳು, ಇನ್ನೂ ತೌಡಿನ ವಾಸನೆ ಇತ್ತು. ಒಂದು ಕಾಳನ್ನೂ ಮನೆಗೆ ಇಟ್ಟುಕೊಳ್ಳಲು ಅವ್ವ ಬಿಡಲಿಲ್ಲ. ಭಾನುವಾರ ಅಕ್ಕ ಅದನ್ನು ತಲೆಯ ಮೇಲೆ ಹೊತ್ತು ಚರ್ಚಿಗೆ ನಡೆದಳು, ನಾನು ಹಿಂದೆ. ಎಲ್ಲರೂ ನೋಡುವಂತೆ ಚೀಲಕ್ಕೆ ಸುರಿದಳು. ಲೀಲಮ್ಮ ಟೀಚರ್ ಅಕ್ಕನ ತಲೆ ಸವರಿ "ನಿಮ್ಮವ್ವ ದೊಡ್ಡಾಕಿ ಬಿಡು" ಎಂದಳು. ಮನೆಗೆ ಬಂದು ಹೇಳಿದಾಗ ಅವ್ವ ಎರಡು ಸಲ ಹೇಳಿಸಿಕೊಂಡಳು. ಯಾರು ಯಾರು ನೋಡಿದರು ಎಂದು ಕೇಳಿದಳು. ಆಮೇಲೆ ಉಣ್ಣಲು ಕೇಳಿ ಉಂಡಳು.

ಅಂದು ಅಯ್ಯಗಾರು ಆರಾಧನೆ ಮುಗಿಸಿದವರೇ ಸಿರುಗುಪ್ಪಕ್ಕೆ ಹೋಗಿದ್ದರು. ಚೀಲ ಯಾರ ಮನೆಗೆ ಹೋಗಬೇಕೆಂದು ಹೆಂಗಸರೇ ಕೂತು ಮಾತಾಡಿದರಂತೆ. ಮಧ್ಯಾಹ್ನ ಲೀಲಮ್ಮ ಟೀಚರ್ ಆಟೋದಿಂದ ಚೀಲ ಇಳಿಸಿಕೊಂಡು ನಮ್ಮ ಬಾಗಿಲಿಗೆ ಬಂದಳು. ಅವಳ ಮುಖ ಹಬ್ಬದಂತಿತ್ತು.

"ನೋಡು ಕರುಣಮ್ಮ, ದೇವರು ಕೊಟ್ಟಾಕಿಗೆ ಹೆಂಗ ತುಂಬಿಸಿ ಕೊಡ್ತಾನ! ಎಲ್ಲಾರೂ ಒಂದ ಮಾತು ಅಂದ್ರು, ಈ ವಾರ ನಿನಗ ಅಂತ. ನೀ ಒಂದು ಪಾಲು ಕೊಟ್ಟಿ, ಪೂರಾ ಚೀಲ ಬಂತು."

ಅವ್ವ ಮೊರ ತರಲು ಹೇಳಿದಳು. ನಾನು ಒಂದಿಷ್ಟು ಅಕ್ಕಿಯನ್ನು ಮೊರಕ್ಕೆ ಹಾಕಿ ಅವಳ ಮುಂದಿಟ್ಟೆ. ಅವಳು ಊದಿದ ಬೆರಳಿನ ತುದಿಯಿಂದ ಸಣ್ಣ ಕಾಳುಗಳನ್ನು ಒಂದು ಕಡೆಗೆ ಎಳೆಯತೊಡಗಿದಳು. ದಪ್ಪ ಸೊಸೈಟಿ ಅಕ್ಕಿಯ ನಡುವೆ ಅವು ಬೇರೆಯಾಗಿಯೇ ಕಾಣುತ್ತಿದ್ದವು. ಮೊರದ ಮೂಲೆಯಲ್ಲಿ ಚಿಕ್ಕ ಗುಡ್ಡೆಯಾಯಿತು.

"ಇದು ನಂದು," ಅಂದಳು.

"ಎಲ್ಲಾ ಕೂಡೈತಲ್ಲವ್ವ, ಇದು ಯಾರದು ಅದು ಯಾರದು ಅಂತ ಹೆಂಗ ಹೇಳ್ತಿ?" ಲೀಲಮ್ಮ ಟೀಚರ್ ನಗುತ್ತಲೇ ಕೇಳಿದಳು.

"ನನಗ ಗೊತ್ತಾಗತೈತ್ರಿ."

ಆಗ ಅವಳ ನಗು ನಿಂತಿತು. ಅವ್ವ ಸ್ವಲ್ಪ ಹೊತ್ತು ಆ ಗುಡ್ಡೆಯನ್ನು ನೋಡಿದಳು. ಆಮೇಲೆ ಅಂಗೈಯಿಂದ ತಳ್ಳಿ ಎಲ್ಲವನ್ನೂ ಒಂದು ಮಾಡಿದಳು. "ಚೀಲಕ್ಕ ಹಾಕ್ಬಿಡು ಸಣ್ಣಾಕಿ," ಎಂದು ಬಂಡೆಯ ಕಡೆ ಮುಖ ಮಾಡಿ ಮಲಗಿದಳು.

ಸೋಮವಾರ ಅಯ್ಯಗಾರು ಬಂದಾಗ ಅಕ್ಕ ಬಾಗಿಲಲ್ಲೇ ಅವರ ಮೇಲೆ ಹರಿಹಾಯ್ದಳು. ಅವರು ಕೇಳಿಸಿಕೊಂಡು ಒಳಗೆ ಬಂದು ನೆಲದ ಮೇಲೆ ಕೂತರು. ತಾವು ಇರಬೇಕಿತ್ತು ಎಂದರು.

"ನೀವಿದ್ರೂ ಇದ ಆಗತಿತ್ರಿ," ಅಂದಳು ಅವ್ವ. "ನಮ್ಮ ಸಭ್ಯಾಗ ನಮಗಿಂತ ಕಷ್ಟದಾಗ ಯಾರದಾರ, ಹೇಳ್ರಿ? ಅವರು ತಪ್ಪೇನೂ ಮಾಡಿಲ್ಲ. ಚೀಲ ಸರಿಯಾದ ಮನಿಗೇ ಬಂದೈತಿ."

ಅಯ್ಯಗಾರು ಎದ್ದು ಕೊಡ ತೆಗೆದುಕೊಂಡು ನೀರಿಗೆ ಹೋದರು. ಅಕ್ಕನೂ ನಾನೂ ಎಷ್ಟೋ ವರ್ಷ ಇದನ್ನು ತಿರುವಿ ತಿರುವಿ ನೋಡಿದ್ದೇವೆ. ಆ ಹೆಂಗಸರು ಬೇರೆ ಏನು ಮಾಡಬಹುದಿತ್ತು? ಚೀಲವನ್ನು ಕುರುಗೋಡಿಗೆ ಕಳಿಸಿದ್ದರೆ ಆ ವಾರ ನಾವು ಏನು ತಿನ್ನುತ್ತಿದ್ದೆವು? ಅಕ್ಕ ಕಡೆಯ ಸಲ ಫೋನು ಮಾಡಿದಾಗಲೂ ಇದೇ ಮಾತು ಬಂದು, ಇಬ್ಬರೂ ಅಲ್ಲಿಗೇ ನಿಲ್ಲಿಸಿದೆವು.

ಅಲ್ಲಿಂದ ಮುಂದೆ ಅವ್ವ ಬಹಳ ಒಳ್ಳೆಯ ರೋಗಿಯಾದಳು. ಪ್ಯಾಂಟಿನ ಕಟ್ಟು ಕೇಳಲಿಲ್ಲ. ಯಾರು ಏನು ಕೊಟ್ಟರೂ ತೆಗೆದುಕೊಂಡಳು, ಯಾರು ಹೇಗೆ ಹೊರಳಿಸಿದರೂ ಹೊರಳಿದಳು. ತಲೆ ಬಾಚಿದವರಿಗೆ, ಕಾಲು ತೊಳೆದವರಿಗೆ ತಪ್ಪದೆ ಕೈಮುಗಿದಳು. ಯಾರಿಗೂ ನೀರು ಕುಡಿದು ಹೋಗಿ ಎನ್ನಲಿಲ್ಲ. ಅಕ್ಕ ಬೇಕೆಂತಲೇ ಸಾರಿಗೆ ಕಾರ ಸುರಿದು ಬೈಗಳಿಗಾಗಿ ಕಾದಳು. ಅವ್ವ ಉಂಡು "ಚಲೋ ಆಗೈತಿ" ಎಂದಳು. ಅಕ್ಕ ಹೊರಗೆ ಹೋಗಿ ಗುಡ್ಡದ ಕಲ್ಲಿನ ಮೇಲೆ ಕೂತು ಅತ್ತಳು. ಹೆಂಗಸರಿಗೆ ಮಾತ್ರ ಸಮಾಧಾನವಾಯಿತು. ಕರುಣಮ್ಮನಿಗೆ ದೇವರು ಶಾಂತಿ ಕೊಟ್ಟಿದ್ದಾನೆ ಎಂದು ಚರ್ಚಿನಲ್ಲಿ ಸ್ತೋತ್ರ ಹೇಳಿದರು. ಅಯ್ಯಗಾರು ಮಾತು ಕೊಟ್ಟಂತೆ ದಿನವೂ ಬಂದರು. ರೊಟ್ಟಿ, ದ್ರಾಕ್ಷಾರಸ ತಂದು ಪ್ರಭುಭೋಜನ ಕೊಟ್ಟರು. ಬಾಯಿ ತೆರೆ ಅಂದಾಗ ಅವ್ವ ತೆರೆದಳು. ಮಳೆ ಬಿದ್ದು ಬಂಡೆ ತಣ್ಣಗಾದ ವಾರದಲ್ಲಿ, ಒಂದು ಮಧ್ಯಾಹ್ನ, ಅಪ್ಪ ಕೆಲಸದಿಂದ ಬರುವ ಮೊದಲೇ ತೀರಿಕೊಂಡಳು.

ಹೆಂಗಸರೇ ಮೈ ತೊಳೆದು ಬಿಳಿ ಸೀರೆ ಉಡಿಸಿದರು. ಪೆಟ್ಟಿಗೆ, ಗುಂಡಿ, ಗಾಡಿ ಎಲ್ಲವನ್ನೂ ಸಭೆಯವರೇ ನೋಡಿಕೊಂಡರು. ಅಪ್ಪ ಒಂದು ಮಾತೂ ಆಡಬೇಕಾಗಿ ಬರಲಿಲ್ಲ. ಗುಂಡಿಯ ಹತ್ತಿರ ಲೀಲಮ್ಮ ಟೀಚರ್ ಪ್ರಾರ್ಥಿಸುತ್ತಾ ಆಕೆ ಶಾಂತಿಯಿಂದ ಹೋದಳು ಎಂದಳು. ಅಯ್ಯಗಾರು ಅದನ್ನು ಹೇಳಲಿಲ್ಲ. ಮಣ್ಣಿಗೆ ಮಣ್ಣು ಎಂಬುದನ್ನು ಓದಿ, ಮೂರು ಹಿಡಿ ಹಾಕಿ, ಪಕ್ಕಕ್ಕೆ ಸರಿದು ನಿಂತರು. ಬರುವಾಗ ಅಪ್ಪನ ನೀಲಿ ಕೈಯನ್ನು ಹಿಡಿದುಕೊಂಡೇ ದಾರಿಯುದ್ದಕ್ಕೂ ನಡೆದರು.

ಮರುದಿನ ಬೆಳಿಗ್ಗೆ ಯಾರೋ ಬಾಗಿಲು ಬಡಿದರು. ಅಪ್ಪ ಗೋಡೆಗೆ ಒರಗಿ ಕೂತಿದ್ದವನು ಏಳಲಿಲ್ಲ. ಒಲೆ ಹಚ್ಚಿರಲಿಲ್ಲ. ನನಗೆ ಹಸಿವಾಗಿತ್ತು, ಅದನ್ನು ಹೇಳಲು ನಾಚಿಕೆಯಾಗುತ್ತಿತ್ತು. ಅಕ್ಕ ಎದ್ದು ಬಾಗಿಲು ತೆಗೆದಳು. ಲೀಲಮ್ಮ ಟೀಚರ್ ಮಂಡಕ್ಕಿ ಉಗ್ಗಾಣಿಯ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಅಕ್ಕ ಏನಂದುಬಿಡುತ್ತಾಳೋ ಎಂಬಂತೆ ಒಂದು ಹೆಜ್ಜೆ ಹಿಂದೆ ನಿಂತೇ ಇದ್ದಳು.

"ಬಿಸಿ ಐತವ್ವ. ತಿನ್ರಿ," ಎಂದಳು.

ಅಕ್ಕ ಅವಳ ಮುಖ ನೋಡಲಿಲ್ಲ. ಎರಡೂ ಕೈ ಮುಂದೆ ಚಾಚಿ ಪಾತ್ರೆಯನ್ನು ಇಸಿದುಕೊಂಡಳು.

"ನಾಳಿ ಯಾರು ತರ್ತಾರ್ರೀ?" ಎಂದು ಕೇಳಿದಳು.